ಕೊನೆಯ ವರ್ಷದಲ್ಲೇ ಉಳಿದ ಅಕ್ಕ

ಹೋದ ವಾರ ಮಾನ್ವಿಯಿಂದ ರಾಯಚೂರಿಗೆ ಬಸ್ಸಿನಲ್ಲಿ ಹೊರಟಿದ್ದೆ. ಕುರಿಗಳು ಅಡ್ಡ ಬಂದವೆಂದು ಡ್ರೈವರ್ ಜೋರಾಗಿ ಬ್ರೇಕ್ ಹಾಕಿದ. ಸುಟ್ಟ ರಬ್ಬರಿನ ವಾಸನೆ ಕಿಟಕಿಯಿಂದ ನುಗ್ಗಿತು. ಯಾರಿಗೂ ಏನೂ ಆಗಲಿಲ್ಲ. ನನ್ನ ಕೈ ಮಾತ್ರ ಮುಂದಿನ ಸೀಟಿನ ಕಂಬಿ ಬಿಡಲಿಲ್ಲ… ಅಕ್ಕ ಬಿದ್ದ ದಿನವೂ ಇದೇ ವಾಸನೆ ಇತ್ತು.

ಆಕೆ ಒಡಹುಟ್ಟಿದವಳಲ್ಲ, ಅರಕೇರಾದಲ್ಲಿ ನಮ್ಮ ಓಣಿಯವಳು. ನಾನು ದೇವದುರ್ಗದಲ್ಲಿ ಡಿಗ್ರಿಗೆ ಸೇರಿದಾಗ ಆಕೆ ಅದೇ ಕಾಲೇಜಿನಲ್ಲಿ ಕೊನೆಯ ವರ್ಷದಲ್ಲಿದ್ದಳು. ಡಿಗ್ರಿ ಮುಗಿಸಿ ಬಿ.ಎಡ್. ಮಾಡಿ ಟೀಚರ್ ಆಗಬೇಕೆಂಬ ಹಟ. ಆಕೆ ಜೊತೆಗಿದ್ದಾಳೆ ಎಂಬ ಧೈರ್ಯದ ಮೇಲೆಯೇ ಓಣಿಯವರು ಹುಡುಗಿಯರಾದ ನಮ್ಮನ್ನೆಲ್ಲ ಕಾಲೇಜಿಗೆ ಕಳಿಸುತ್ತಿದ್ದರು.

ಮುಂಜಾನೆ ಇದ್ದದ್ದು ಒಂದೇ ಬಸ್ಸು, ಅದೂ ತುಂಬಿಕೊಂಡೇ ಬರುತ್ತಿತ್ತು. ತಡವಾದರೆ ಕಾಲೇಜಿನ ಗೇಟು ಹಾಕುತ್ತಿದ್ದರು. ಆ ದಿನದ ಹಾಜರಿ ಹೋದಂತೆಯೇ. ಹಾಜರಿ ಕಡಿಮೆಯಾದರೆ ಪರೀಕ್ಷೆಯೇ ಇಲ್ಲ. ಕಂಡಕ್ಟರ್ ಗದ್ದಲದಲ್ಲಿ ಸಿಕ್ಕಿಕೊಂಡು ಸೀಟಿ ಊದುವುದು ತಡವಾಗುತ್ತಿದ್ದುದರಿಂದ ವಿದ್ಯಾರ್ಥಿಗಳೇ ಒಂದು ರೂಢಿ ಮಾಡಿಕೊಂಡಿದ್ದರು. ಬಾಗಿಲಲ್ಲಿ ನಿಂತವರು ಬಸ್ಸಿನ ತಗಡು ದಬದಬ ಬಡಿದು "ರೈಟ್" ಅನ್ನುವುದು, ಡ್ರೈವರ್ ಬಸ್ಸು ಬಿಡುವುದು.

ಅಕ್ಕ ನಮ್ಮನ್ನೆಲ್ಲ ಒಳಗೆ ದೂಕಿ ಕೊನೆಗೆ ಹತ್ತುತ್ತಿದ್ದಳು.

"ಏನಬೇ, ಬಸ್ಸು ನಿಮ್ಮಪ್ಪಂದೇನು?" ಅಂತ ಒಮ್ಮೆ ಕಂಡಕ್ಟರ್ ರೇಗಿದ.

"ನಮ್ಮಪ್ಪಂದಾಗಿದ್ರ ನಿನ್ನ ಇಳಿಸಿ ಇನ್ನೊಬ್ಬಾಕಿನ್ನ ಹತ್ತಿಸ್ತಿದ್ದೆ!"

ಇಡೀ ಬಸ್ಸು ನಕ್ಕಿತ್ತು. ಕಂಡಕ್ಟರನೂ.

ಆ ದಿನ ಬಸ್ಸು ತಡವಾಗಿ ಬಂತು. ಅಕ್ಕನ ಒಂದು ಕಾಲು ಮೆಟ್ಟಿಲ ಮೇಲಿತ್ತು, ಇನ್ನೊಂದು ನೆಲದ ಮೇಲೆ. ಯಾರೋ ತಗಡು ಬಡಿದರು. ಬಸ್ಸು ಎಗರಿತು. ನಾನು ಆಕೆಯ ತೋಳು ಹಿಡಿದಿದ್ದೆ, ಬಟ್ಟೆ ಜಾರಿತು… ನಾವು ಚೀರಿದ ಮೇಲೆ ಬ್ರೇಕ್ ಬಿತ್ತು. ಹಿಂದಿನ ಗಾಲಿ ಆಕೆಯ ತಲೆಯ ಪಕ್ಕದಲ್ಲೇ ನಿಂತಿತ್ತು. ಕಾಲು ಮುರಿದಿತ್ತು. ಇಂದಿಗೂ ಯಾರಾದರೂ ತಗಡು ಬಡಿದರೆ ನನಗೆ ಆ ಗಾಲಿಯೇ ಕಾಣುತ್ತದೆ.

ಪರೀಕ್ಷೆಯ ಹೊತ್ತಿಗೆ ಅಕ್ಕ ಕೋಲೂರಿಕೊಂಡು ಕಾಲೇಜಿಗೆ ಬಂದಳು. ನಾನು ಜೊತೆಗಿದ್ದೆ. ಪ್ರಿನ್ಸಿಪಾಲರು ತಲೆ ಎತ್ತದೆ ಹೇಳಿದರು: "ಹಾಜರಿ ಇಲ್ಲ. ಮುಂದಿನ ವರ್ಷ ಬಾರಮ್ಮ. ನಿಯಮ ಎಲ್ಲರಿಗೂ ಒಂದೇ."

"ಬಸ್ಸೂ ಎಲ್ಲರಿಗೂ ಒಂದೇ ಅದರೀ, ಸರ್," ಅಂದಳು ಅಕ್ಕ.

ಅವರು ನಮ್ಮನ್ನು ಹೊರಗೆ ಕಳಿಸಲು ಗಂಟೆ ಒತ್ತಿ ಜವಾನನನ್ನು ಕರೆದರು. ಇಷ್ಟು ವರ್ಷವಾದರೂ ಆ ಗಂಟೆಯನ್ನು ನಾನು ಕ್ಷಮಿಸಿಲ್ಲ. ಅಕ್ಕನ ಪಾಲಿಗೆ ಆ ಮುಂದಿನ ವರ್ಷ ಬರಲೇ ಇಲ್ಲ. "ಜೀವ ಉಳದದ, ಸಾಕು ಬಿಡವಾ," ಎಂದು ಆಕೆಯ ಅಪ್ಪ ಯಾಪಲದಿನ್ನಿಗೆ ಮದುವೆ ಮಾಡಿಕೊಟ್ಟರು. ಓಣಿಯ ಉಳಿದ ಹುಡುಗಿಯರೂ ಒಬ್ಬೊಬ್ಬರಾಗಿ ಮನೆಯಲ್ಲಿ ಕುಳಿತರು. ನನ್ನನ್ನು ಸೋದರಮಾವ ದೇವದುರ್ಗದಲ್ಲಿ ತನ್ನ ಮನೆಯಲ್ಲಿಟ್ಟುಕೊಂಡದ್ದರಿಂದ ನಾನು ಓದಿದೆ, ಈಗ ಮಾನ್ವಿಯಲ್ಲಿ ಪಾಠ ಮಾಡುತ್ತೇನೆ.

ಹೋದ ವಾರ ರಾಯಚೂರಿನಲ್ಲಿ ನಡೆದದ್ದು ಕಾಲೇಜುಗಳವರ ಸಭೆ. ಓದು ಅರ್ಧಕ್ಕೆ ಬಿಡುವವರನ್ನು ಉಳಿಸಿಕೊಳ್ಳುವುದು ಹೇಗೆ ಎಂಬುದು ವಿಷಯ. ಹಳ್ಳಿಯ ಹೆಣ್ಣುಮಕ್ಕಳಿಗೆ ಓದಿನಲ್ಲಿ ಆಸಕ್ತಿ ಕಡಿಮೆ ಎಂದರು ಅತಿಥಿಗಳು. ನಾನು ಎದ್ದು ನಿಂತು ಬಸ್ಸಿನ ಮಾತು ತೆಗೆದೆ, ಗೇಟಿನ ಮಾತು ತೆಗೆದೆ.

"ಸಾರಿಗೆ ಇವತ್ತಿನ ವಿಷಯ ಅಲ್ಲ, ಮೇಡಂ. ಚಹಾ ಕುಡಿದು ಮುಂದುವರಿಸೋಣ," ಎಂದು ಅತಿಥಿಗಳು ಮಾತು ಮುಗಿಸಿದರು.

ಸಂಜೆ ಅಕ್ಕನಿಗೆ ಫೋನ್ ಮಾಡಿ ಎಲ್ಲ ಹೇಳಿದೆ. ಆಕೆ ನಕ್ಕಳು. "ಚಹಾ ಕುಡದ್ಯೋ ಇಲ್ಲೋ?"

"ಇಲ್ಲಕ್ಕಾ."

"ಹುಚ್ಚಿ, ಕುಡೀಬೇಕಿತ್ತು." ಆಮೇಲೆ ಕೇಳಿದಳು, "ಅಲ್ಲವಾ… ಉಳದ ಆ ಪರೀಕ್ಷೆ ಈಗ ಬರೀಬಹುದೇನು?"

ಅವಧಿ ಮುಗಿದಿದೆ, ಆ ಪಠ್ಯಕ್ರಮವೇ ಈಗಿಲ್ಲ, ಮತ್ತೆ ಮೊದಲ ವರ್ಷದಿಂದ ಸೇರಬೇಕು ಎಂದು ನಾನೇ ಹೇಳಬೇಕಾಯಿತು.

"ಹೌದಾ…" ಅಂದಳು. ಆಕೆ ಓದಿನ ಆಸೆ ಬಿಟ್ಟಿದ್ದಾಳೆಂದು ಇಷ್ಟು ವರ್ಷ ನಾನೂ ನಂಬಿದ್ದೆ.