ಎರಡು ಪಾಲಿನ ಮೋಟಾರ್ ಸೈಕಲ್ಲು

ಮೊನ್ನೆ ಮನೆಗೆ ಬಣ್ಣ ಬಳಿಯಲು ಬಂದವನು ಕುಂಚಗಳನ್ನು ಸೀಮೆಎಣ್ಣೆಯಲ್ಲಿ ಅದ್ದಿ ತೊಳೆಯುತ್ತಿದ್ದ. ಪೇಪರ್ ಓದುವುದನ್ನು ಬಿಟ್ಟು ಅವನ ಪಕ್ಕ ಹೋಗಿ ನಿಂತೆ. "ಏನ್ ಬೇಕಿತ್ರಿ ಸರ?" ಎಂದ. ನನಗೆ ಬೇಕಾಗಿದ್ದುದು ಆ ವಾಸನೆ. ಎಪ್ಪತ್ತು ದಾಟಿದ ನಿವೃತ್ತ ಮಾಸ್ತರ ಹಾಗೆಂದು ಬಾಯಿಬಿಟ್ಟು ಹೇಳಲಾದೀತೇ? ಸುಮ್ಮನೆ ನಕ್ಕು ಒಳಗೆ ಬಂದೆ.

ಎಪ್ಪತ್ತರ ದಶಕದ ಒಂದಿಡೀ ಬೇಸಿಗೆ ಆ ವಾಸನೆ ನನ್ನ ಕೈಗೆ ಅಂಟಿಕೊಂಡಿತ್ತು. ಆಗ ಬಿ.ಎಸ್ಸಿ. ಮುಗಿಸಿ, ಮಾಸ್ತರಿಕೆಯ ಆರ್ಡರ್ ಕಾಯುತ್ತ ಮನಗೂಳಿಯ ನಮ್ಮ ಮನೆಯಲ್ಲಿ ಕೂತಿದ್ದೆ. ಮನೆ ಎಂದೆನಲ್ಲ, ಅರ್ಧ ಮನೆ ಎನ್ನಬೇಕು. ಅಜ್ಜ ತೀರಿಕೊಂಡ ಮೇಲೆ ಅಪ್ಪನೂ ದೊಡ್ಡಪ್ಪನೂ ಬಾವಿಯ ಸಲುವಾಗಿ ಜಗಳಾಡಿ ಬೇರೆಯಾಗಿದ್ದರು. ಹೊಲ, ಎತ್ತು, ತಾಮ್ರದ ಹಂಡೆ ಎಲ್ಲ ಹಂಚಿದ ಮೇಲೆ ಉಳಿದದ್ದು ಅಜ್ಜನ ವಿಲಾಯಿತಿ ಮೋಟಾರ್ ಸೈಕಲ್ಲು. ಅಜ್ಜ ತಲೆಗೆ ಪಟಗಾ ಸುತ್ತಿಕೊಂಡು ಅದರ ಮೇಲೆ ಬಾಗೇವಾಡಿಗೆ ಹೊರಟರೆ ದಾರಿಯ ಎತ್ತುಗಳು ಬೆದರಿ ಹೊಲಕ್ಕಿಳಿಯುತ್ತಿದ್ದವಂತೆ. ಮಾರಲು ಇಬ್ಬರಿಗೂ ಮನಸ್ಸಿಲ್ಲ, ಬಿಟ್ಟುಕೊಡಲು ಮೊದಲೇ ಇಲ್ಲ. ಹಿರಿಯರು ಬೇಸತ್ತು, ಇಂಜಿನ್ ಅಣ್ಣನಿಗೆ, ಉಳಿದದ್ದು ತಮ್ಮನಿಗೆ ಎಂದು ಹೇಳಿ ಎದ್ದು ಹೋದರು. ಮನೆಯ ನಡುವೆ ಗೋಡೆ ಬಂತು. ಅಣ್ಣತಮ್ಮಂದಿರು ಮಾತು ಬಿಟ್ಟು ಮೂರು ವರ್ಷವಾಗಿತ್ತು.

ನಮ್ಮ ಪಾಲಿನ ಚೌಕಟ್ಟಿನ ಮೇಲೆ ಅವ್ವ ಕೌದಿ ಒಣಹಾಕುತ್ತಿದ್ದಳು. ಅವರ ಪಾಲಿನ ಇಂಜಿನ್ ಜೋಳದ ಚೀಲಗಳ ಹಿಂದೆ ಮಲಗಿತ್ತು. ಎರಡನ್ನೂ ಕೂಡಿಸುತ್ತೇನೆ ಎಂದು ನಾನು ಹೊರಟೆ. ಅಲ್ಲಿಯವರೆಗಿನ ನನ್ನ ಅನುಭವವೆಂದರೆ ಸೈಕಲ್ಲಿಗೆ ಪಂಕ್ಚರ್ ಹಚ್ಚಿದ್ದು, ಅದೂ ಸೋರುತ್ತಿತ್ತು.

ದೊಡ್ಡಪ್ಪ ಒಪ್ಪಿದ. "ಬಿಚ್ಚು, ತೊಳಿ, ಏನರ ಮಾಡು. ಆದ್ರ ಇಂಜಿನ್ ನಿಮ್ಮ ಹೊಸ್ತಿಲಾ ದಾಟಬಾರ್ದು ನೋಡು."

ಅಪ್ಪನೂ ಅದೇ ಧಾಟಿ. "ಗಾಲಿ, ಪೆಟ್ರೋಲ್ ಟಾಕಿ ಎಲ್ಲಾ ನಿಂದ. ಅವನ ಅಂಗಳಕ್ಕ ಮಾತ್ರ ಹೋಗೂದಿಲ್ಲ."

ಎರಡು ದಿನ ತಲೆ ಕೆರೆದುಕೊಂಡು ಕೂತೆ. ರೊಟ್ಟಿ ಬಡಿಯುತ್ತಿದ್ದ ಅವ್ವ ತಿರುಗಿಯೂ ನೋಡದೆ ಅಂದಳು: "ಓಣಿ ಯಾರ ಪಾಲಿಗೂ ಬಂದಿಲ್ಲಲ್ಲೋ?"

ಹಾಗೆ ಓಣಿಯ ಬೇವಿನ ಮರದ ಕೆಳಗೆ ನನ್ನ ಕಾರ್ಖಾನೆ ಶುರುವಾಯಿತು. ಅವ್ವನ ಪರಾತದಲ್ಲಿ ಸೀಮೆಎಣ್ಣೆ ಸುರಿದು ಒಂದೊಂದೇ ಭಾಗ ತೊಳೆದೆ. ಆ ಪರಾತದಲ್ಲಿ ಆಮೇಲೆ ಎಂದೂ ಹಿಟ್ಟು ಕಲಸಲಿಲ್ಲ, ಪಾಪ. ಎಡಗಡೆ ಕಟ್ಟೆಯ ಮೇಲೆ ಅಪ್ಪ, ಬಲಗಡೆ ಕಟ್ಟೆಯ ಮೇಲೆ ದೊಡ್ಡಪ್ಪ. ಇಬ್ಬರಿಗೂ ಬೇರೆ ಕೆಲಸವಿರಲಿಲ್ಲವೆಂದಲ್ಲ, ಅಲ್ಲಿಂದ ಏಳಲಾಗುತ್ತಿರಲಿಲ್ಲ.

"ಕಿಕ್ ಹೊಡಿಯೂ ಮೊದಲ ನಿಮ್ಮಜ್ಜ ಟಾಕಿ ಅಳ್ಳಾಡಸತಿದ್ದ ಅಂತ ಹೇಳು ನಿಮ್ಮಪ್ಪಗ" ಎಂದು ಬಲಗಡೆಯಿಂದ. "ನನಗೂ ಗೊತ್ತೈತಿ ಅಂತ ಹೇಳು" ಎಂದು ಎಡಗಡೆಯಿಂದ. ನಡುವೆ ಹತ್ತು ಮಾರೂ ಇಲ್ಲ. ಇಬ್ಬರ ಮಾತೂ ಇಬ್ಬರಿಗೂ ಕೇಳುತ್ತಿತ್ತು. ಆದರೂ ನಾನು ನಿಷ್ಠೆಯಿಂದ ಎರಡೆರಡು ಸಲ ಹೇಳುತ್ತಿದ್ದೆ.

ಜೋಡಿಸಿ ಮುಗಿಸಿದಾಗ ಕೈಯಲ್ಲಿ ಮೂರು ನಟ್ಟು ಉಳಿದವು. ಯಾರಿಗೂ ಕಾಣದಂತೆ ಜೇಬಿಗೆ ಹಾಕಿಕೊಂಡೆ. ಮೂರು ದಿನ ಕಿಕ್ ಹೊಡೆದು ಕಾಲು ಬಾತಿತು. ನಾಲ್ಕನೆಯ ದಿನ ಗಾಡಿ ಕೆಮ್ಮಿತು, ಹೊಗೆ ಉಗುಳಿತು, ಒಮ್ಮೆಲೇ ಗರ್ಜಿಸಿತು. ಎಕ್ಸಲರೇಟರ್ ಅಲ್ಲೇ ಸಿಕ್ಕಿಹಾಕಿಕೊಂಡಿತು. ಸದ್ದು ಏರುತ್ತಲೇ ಹೋಯಿತು. ಸ್ಟ್ಯಾಂಡಿನ ಮೇಲೆ ನಿಂತಿದ್ದ ಗಾಡಿ ಕುಣಿಯುತ್ತ ದೊಡ್ಡಪ್ಪನ ಕಟ್ಟೆಯ ಕಡೆ ಸರಿಯತೊಡಗಿತು. ನಾನು ಹಿಂದಿನಿಂದ ಸೀಟು ಹಿಡಿದು ಜಗ್ಗತೊಡಗಿದೆ.

"ಬಸ್ಯಾ! ಪ್ಲಗ್ಗಿನ ವಾಯರ್ ಎಳಿಯೋ!" ದೊಡ್ಡಪ್ಪ ಅಪ್ಪನ ಹೆಸರು ಹಿಡಿದು ಕೂಗಿದ.

ಅಪ್ಪ ಹಾರಿ ಬಂದು ಎಳೆದ. ಎಳೆದವನೇ ಚಂಗನೆ ಹಿಂದಕ್ಕೆ ನೆಗೆದ. "ಅಣ್ಣಾ, ಕರೆಂಟ್ ಹೊಡಿತಲ್ಲೋ!"

ಗಾಡಿ ನಿಂತಿತು. ಓಣಿಯೂ ನಿಂತಿತು. ಬಾಯಿಂದ ಬಂದುಹೋದ ಮಾತನ್ನು ಇಬ್ಬರೂ ಹಿಂದಕ್ಕೆ ತೆಗೆದುಕೊಳ್ಳುವಂತಿರಲಿಲ್ಲ. ದೊಡ್ಡಪ್ಪ ಅಪ್ಪನ ಕೈ ಹಿಡಿದು ಬೆರಳು ತಿಕ್ಕುತ್ತ, "ಸಣ್ಣಾಂವ ಇದ್ದಾಗಿಂದ ನೀ ಹಿಂಗ, ಬಟ್ಟಿ ಹಿಡದು ಎಳಿಬೇಕಿಲ್ಲ?" ಎಂದು ಬೈದ. ಅಪ್ಪ ತಿರುಗಿ ಬೈದ. ಒಂದು ತಾಸಿನ ಮೇಲೆ ಇಬ್ಬರೂ ಅದೇ ಗಾಡಿ ಹತ್ತಿ ಬಾಗೇವಾಡಿ ರಸ್ತೆ ಹಿಡಿದರು. ಸಂಜೆ ಅದನ್ನು ತಳ್ಳಿಕೊಂಡು ಬಂದರು. ಪೆಟ್ರೋಲ್ ಮುಗಿದದ್ದು ಯಾರ ತಪ್ಪು ಎಂಬ ವಾದ ಊರ ಹೊರಗಿನಿಂದಲೇ ಕೇಳುತ್ತಿತ್ತು. ಗೋಡೆ ಬೀಳಲಿಲ್ಲ. ಮುಂದಿನ ವರ್ಷ ಅದಕ್ಕೊಂದು ಬಾಗಿಲು ಬಂತು.

ನನಗೆ ಮುದ್ದೇಬಿಹಾಳದಲ್ಲಿ ನೌಕರಿಯಾಯಿತು. ಪ್ರತಿ ಭಾನುವಾರ ಊರಿಗೆ ಬಂದರೆ ಗಾಡಿ ಕೆಟ್ಟು ನಿಂತಿರುತ್ತಿತ್ತು. ಪೆಟ್ರೋಲಿನ ಕೊಳವೆ ಬಿಚ್ಚಿದರೆ ಒಳಗೆ ಅರಳೆ. ನನ್ನ ಕೆಲಸವೇ ಕಚ್ಚಾ ಎಂದು ನಾಚಿ, ಮಧ್ಯಾಹ್ನದವರೆಗೆ ಬಿಚ್ಚಿ ಜೋಡಿಸುತ್ತಿದ್ದೆ. ಅವರಿಬ್ಬರೂ ಒಂದೇ ಕಟ್ಟೆಯ ಮೇಲೆ ಚಹಾ ಕುಡಿಯುತ್ತ ನನಗೆ ಬುದ್ಧಿ ಹೇಳುತ್ತಿದ್ದರು. ಈ ಕೆಲಸ ನನಗೆ ಬರುವುದಲ್ಲ ಎಂದುಕೊಂಡು, ಆ ಗಾಡಿ ಬಿಟ್ಟರೆ ಇಂದಿನವರೆಗೆ ನಾನು ಯಾವ ಯಂತ್ರಕ್ಕೂ ಕೈ ಹಚ್ಚಿಲ್ಲ.

ಬಣ್ಣದವನು ಹೋದ ಮೇಲೆ ಸಿಂದಗಿಯಲ್ಲಿರುವ ಗಂಗಕ್ಕನಿಗೆ, ಎಂದರೆ ದೊಡ್ಡಪ್ಪನ ಮಗಳಿಗೆ, ಫೋನ್ ಮಾಡಿ ಇದನ್ನೆಲ್ಲ ನೆನೆದೆ. ಅವಳು ನಗತೊಡಗಿದಳು.

"ನಿನ್ನ ಕೆಲಸ ಚೊಲೋನ ಇತ್ತೋ ಹುಚ್ಚಪ್ಪಾ. ನೀ ಬರೂದ್ರಾಗ ನಿಮ್ಮಪ್ಪ ತಾನ ಪೈಪಿನ್ಯಾಗ ಅರಳಿ ತುರಕತಿದ್ದ. ಅವ ಮರತ್ರ ನಮ್ಮಪ್ಪ."

"ಯಾಕ?"

"ಗಾಡಿ ಚಾಲೂ ಇದ್ರ ನೀ ಗೆಳ್ಯಾರ ಕಡೆ ಹೋಗಿಬಿಡ್ತಿದ್ದಿ. ಕೆಟ್ಟಿದ್ರ ಇಡೀ ದಿನಾ ಅವರ ಮುಂದ ಕುಂದರತಿದ್ದಿ."

ನಾನು ಕೇಳಿದೆ: "ಇಬ್ಬರೂ ಮರೀದ ತುರಕಿದ್ರ?"

"ಆ ಐತವಾರ ನೀ ಊಟಕ್ಕೂ ಎದ್ದಿರಲಿಲ್ಲ."

ಫೋನ್ ಇಟ್ಟು ಒಬ್ಬನೇ ನಗುತ್ತ ಕೂತೆ. ಒಳಗಿನಿಂದ ಹೆಂಡತಿ, "ಏನಾತ್ರಿ, ಅಷ್ಟ್ಯಾಕ ನಗಾಕತ್ತೀರಿ?" ಎಂದಳು. ನಾನೊಬ್ಬ ಒಳ್ಳೆಯ ಮೆಕ್ಯಾನಿಕ್ ಆಗಿದ್ದೆನೆಂದು ಅವಳಿಗೆ ಹೇಳಲು ಎದ್ದು ಒಳಗೆ ಹೋದೆ.