ಸುಣ್ಣದ ಡಬ್ಬಿಯ ಮುಚ್ಚಳ

ಆಗ ನನಗೆ ಅರವತ್ತಾರು. ಆರು ವರ್ಷದ ಹಿಂದಿನ ಮಾತು. ಪಕ್ಕದ ಫೋಟೋ ಸ್ಟುಡಿಯೋದ ಅಣ್ಣಾರ ಎಡಗಣ್ಣು ಸದಾ ಅರ್ಧ ಮುಚ್ಚಿರುತ್ತಿತ್ತು. ನಲವತ್ತು ವರ್ಷ ಕ್ಯಾಮೆರಾಕ್ಕೆ ಬಲಗಣ್ಣು ಹಚ್ಚಿ ಹಚ್ಚಿ ಎಡದ್ದು ಹಾಗಾಗಿತ್ತು. ಊಟಕ್ಕೆ ಕುಳಿತಾಗಲೂ ತಾಟನ್ನು ಫೋಟೋ ಹೊಡೆಯುವವರಂತೆ ನೋಡುತ್ತಿದ್ದರು. ಹೊಸಬರು ತಮಗೇ ಕಣ್ಣು ಹೊಡೆದರೆಂದು ತಿಳಿಯುತ್ತಿದ್ದರು.

ರಾಮದುರ್ಗದಲ್ಲಿ ಅವರ ಸ್ಟುಡಿಯೋಕ್ಕೂ ನನ್ನ ಮನೆಗೂ ಒಂದೇ ಗೋಡೆ. ನಾನು ರೊಟ್ಟಿ ಬಡಿದು ಖಾನಾವಳಿಗೆ ಕೊಡುವವಳು. ಕಲಿತದ್ದು ಮೂರನೇ ಇಯತ್ತೆ. ಅಂಕಿ ಬರುತ್ತವೆ, ಅಕ್ಷರ ಕೂಡಿಸಿಕೊಳ್ಳಬೇಕು. ಇಷ್ಟು ಬರೆಯಲು ಹದಿನೈದು ದಿನ ಹಿಡಿಯಿತು.

ಅಣ್ಣಾರಿಗೆ ಒಂದು ಜಂಬವಿತ್ತು. ಬೆಳಕು ಎಷ್ಟಿದೆ ಎಂದು ಕಣ್ಣಿನಿಂದಲೇ ಹೇಳುತ್ತಿದ್ದರು. ಬಲಗಣ್ಣಿನ ಪೊರೆ ತೆಗೆಸಿದ ಮೇಲೆ ಅದು ಹೋಯಿತು.

"ಎಲ್ಲಾ ಬೆಳ್ಳಗ ಕಾಣಾಕ ಹತ್ತೈತಿ ತಂಗಿ. ಈ ಕಣ್ಣ ನೆಳ್ಳಿಗೂ ಬಿಸಲ ಅಂತೈತಿ," ಎಂದರು.

ಅದೇ ವಾರ ನನ್ನ ಅತ್ತೆ ಹಟ ಹಿಡಿದಳು. ವಯಸ್ಸು ತೊಂಬತ್ತು. ಗೋಡೆಯ ಮೇಲೆ ಮಾವನ ಫೋಟೋ ಒಂಟಿಯಾಗಿತ್ತು. ಅದನ್ನು ತೆಗೆದವರೂ ಅಣ್ಣಾರೇ, ಕಪ್ಪು-ಬಿಳುಪಿನಲ್ಲಿ. ಸಾಯುವ ಮುಂಚೆ ಅದೇ ಕ್ಯಾಮೆರಾದಲ್ಲಿ, ಅದೇ ಬಣ್ಣದಲ್ಲಿ ತೆಗೆಸಿಕೊಂಡು ತಾನೂ ಅವನ ಪಕ್ಕದಲ್ಲಿ ಕೂಡಬೇಕಂತೆ. ಮೊಬೈಲಿನಲ್ಲಿ ತೆಗೆದರಾಯಿತು ಎಂದೆ.

"ಅದು ಬೆರಳ ಸರಿಸಿದ್ರ ಹೋಗಿಬಿಡತೈತಿ. ನಾ ಹೋಗಾಕ ಫೋಟೋ ತಗಸಾಕ ಹತ್ತಿಲ್ಲ, ಇರಾಕ," ಎಂದಳು.

ಅಣ್ಣಾರ ಹತ್ತಿರ ಉಳಿದಿದ್ದವು ಎರಡೇ ರೀಲು. ಕಣ್ಣು ನಂಬಿ ಅವನ್ನು ಹಾಳು ಮಾಡಲು ಮನಸ್ಸಾಗಲಿಲ್ಲ. ಎಪ್ಪತ್ತರ ವಯಸ್ಸಿನಲ್ಲಿ ವಿಡಿಯೋ ನೋಡಿ, ಬೆಳಕು ಅಳೆಯುವ ಮೀಟರ್ ತಾವೇ ಕಟ್ಟಲು ಕುಳಿತರು. ಬೆಳಗಾವಿಯಿಂದ ಪೊಟ್ಟಣ ಬಂತು. ಬೆಳಕು ಕಾಣಲು ಕಾಳಿನಷ್ಟು ಕಣ್ಣು, ಲೆಕ್ಕ ಹಾಕಲು ಬೆರಳುದ್ದದ ಹಲಗೆ, ಉತ್ತರ ತೋರಿಸಲು ಪುಟ್ಟ ಪರದೆ. ಹಲಗೆಗೆ ಮೈಕ್ರೋಕಂಟ್ರೋಲರ್ ಎನ್ನಬೇಕಂತೆ. ಎಲ್ಲವನ್ನೂ ತಂತಿಯಿಂದ ಬೆಸೆದು, ಎರಡು ಬೆರಳು ಸುಟ್ಟುಕೊಂಡು, ಸೋಪಿನ ಡಬ್ಬಿಯೊಳಗೆ ಕೂಡಿಸಿದರು. ಅವರ ಹೆಂಡತಿ ಬೈಯುವುದು ಗೋಡೆಯ ಈಚೆಗೆ ಕೇಳುತ್ತಿತ್ತು: "ಸೋಪ ಎಲ್ಲಿ ಇಡಲಿ, ನಿಮ್ಮ ತಲಿ ಮ್ಯಾಲ?"

ಅತ್ತೆಯನ್ನು ಅಂಗಳದಲ್ಲಿ ಕೂಡಿಸಿದೆವು. ಇಳಕಲ್ ಸೀರೆ, ಹಣೆ ತುಂಬ ಮೂರು ಬೆರಳಿನ ವಿಭೂತಿ. ಅಣ್ಣಾರು ಮೀಟರಿನ ಕಣ್ಣನ್ನು ಹಣೆಗೆ ಗುರಿ ಹಿಡಿದು, ಅದು ಹೇಳಿದಂತೆ ಕ್ಯಾಮೆರಾ ತಿರುವಿ, ಹುರುಪಿನಲ್ಲಿ ಇಡೀ ರೀಲು ಮುಗಿಸಿದರು. ತೊಳೆದು ತಂದ ಫೋಟೋದಲ್ಲಿ ಮುಖ ಹಂಚಿನ ತಳದಂತೆ ಕರ್ರಗಿತ್ತು.

"ವಿಭೂತಿ ಬಂದೈತಿ. ನಾ ಎಲ್ಲಿ?" ಎಂದಳು ಅತ್ತೆ.

ವಿಭೂತಿಯ ಬಿಳುಪು ನೋಡಿ ಮೀಟರ್ ಮೋಸ ಹೋಗಿತ್ತು. ಬೆಳಕು ಬಹಳ ಇದೆ ಎಂದುಕೊಂಡು, ಕ್ಯಾಮೆರಾದೊಳಗೆ ಚೂರೇ ಬಿಡಲು ಹೇಳಿತ್ತು.

"ಆಯಿ, ಹಣಿ ಒಂಚೂರ ಒರಸ್ಕೋರಿ, ಇನ್ನೊಮ್ಮೆ ತಗಿಯೂಣು."

"ಬರೇ ಹಣಿಯಾಗ ಹೆಣಾನೂ ಕೂಡಸಂಗಿಲ್ಲೋ ತಮ್ಮಾ!"

ಅಲ್ಲಿಗೆ ಮಾತು ಮುಗಿಯಿತು. ಉಳಿದದ್ದು ಒಂದು ರೀಲು. ಅಣ್ಣಾರು ಮೂರು ದಿನ ಸ್ಟುಡಿಯೋ ಬಾಗಿಲು ತೆಗೆಯಲಿಲ್ಲ. ನಾಲ್ಕನೇ ದಿನ ರೊಟ್ಟಿ ಒಯ್ಯಲು ಬಂದು ನನ್ನ ಒಲೆಯ ಮುಂದೆ ಕುಕ್ಕರಿಸಿದರು. ನಾನು ಹಂಚಿನ ಮೇಲೆ ಅಂಗೈ ಹಿಡಿದಿದ್ದೆ.

"ಅದೇನ ಮಾಡ್ತಿ ತಂಗಿ?"

"ಕಾವು ನೋಡತೇನಿ."

"ರೊಟ್ಟಿ ಹಾಕಿದ್ರ ಗೊತ್ತಾಗಂಗಿಲ್ಲೇನು?"

"ರೊಟ್ಟಿನ್ಯಾಕ ಕೇಳಬೇಕ್ರಿ ಅಣ್ಣಾರ? ದಪ್ಪಂದು ಒಂದು ಹೇಳತೈತಿ, ತೆಳ್ಳಂದು ಒಂದು ಹೇಳತೈತಿ. ನೀವೂ ಹಂಗ, ಆಯಿ ಹಣಿ ಕೇಳಿ ಕೆಟ್ರಿ. ಬೀಳೂ ಬೆಳಕನ್ನ ಕೇಳ್ರಿ."

ಅಣ್ಣಾರ ಎರಡೂ ಕಣ್ಣು ಪೂರ್ತಿ ತೆರೆದದ್ದನ್ನು ನಾನು ನೋಡಿದ್ದು ಅದೊಂದೇ ಸಲ.

"ನಲವತ್ತ ವರ್ಷದ ಕಸಬು, ರೊಟ್ಟಿ ಬಡಿಯಾಕಿ ಕಡಿಂದ ಪಾಠ ಆತಲ್ಲೋ!" ಎಂದು ನೆಲ ಬಡಿದು ನಕ್ಕರು. ಬೀಳುವ ಬೆಳಕನ್ನು ಸೋಸಿ ಒಳಗೆ ಬಿಡಲು ಮೀಟರಿನ ಕಣ್ಣಿಗೆ ಬಿಳಿ ಟೊಪ್ಪಿಗೆ ಬೇಕು ಎಂದು ಆಚೀಚೆ ಹುಡುಕಿದರು. ತಂಬಾಕಿಗೆಂದು ನಾನು ಇಟ್ಟುಕೊಂಡಿದ್ದ ಸುಣ್ಣದ ಡಬ್ಬಿಯ ಬಿಳಿ ಪ್ಲಾಸ್ಟಿಕ್ ಮುಚ್ಚಳ ಕಿತ್ತುಕೊಂಡು, ರೊಟ್ಟಿ ಅಲ್ಲೇ ಬಿಟ್ಟು ಓಡಿದರು.

ಕಡು ಬಿಸಿಲಿನಲ್ಲಿ ಕ್ಯಾಮೆರಾದೊಳಗೆ ಎಷ್ಟು ಬೆಳಕು ಬಿಡಬೇಕು ಎಂದು ಫಿಲಂ ಡಬ್ಬಿಯ ಮೇಲೇ ಬರೆದಿರುತ್ತದಂತೆ. ಬಿಸಿಲಿಗೆ ಮೀಟರ್ ಹಿಡಿದು, ಮುಚ್ಚಳ ತಿನ್ನುವ ಬೆಳಕೆಷ್ಟು ಎಂದು ಅದರಿಂದ ಕಂಡುಹಿಡಿದು, ಹಲಗೆಯ ಲೆಕ್ಕಕ್ಕೆ ಸೇರಿಸಿದರು. ಈ ಸಲ ಮೀಟರನ್ನು ಅತ್ತೆಯ ಗದ್ದದ ಬಳಿ, ಕ್ಯಾಮೆರಾದ ಕಡೆ ಮುಖ ಮಾಡಿ ಹಿಡಿದರು.

"ಏನೋ, ನನಗ ಸುಣ್ಣ ತಿನಸ್ತೀಯೇನು?" ಎಂದು ಅತ್ತೆ ಹಲ್ಲಿಲ್ಲದ ಬಾಯಿ ತೆರೆದು ನಕ್ಕಳು. ಆ ನಗೆಗೇ ಅಣ್ಣಾರು ಒತ್ತಿದರು.

ವಿಭೂತಿಯ ಮೂರೂ ಗೆರೆ ಬಂದವು. ಕೆಳಗೆ ಒಂದೊಂದೂ ಸುಕ್ಕು, ಬೋಳು ಒಸಡು, ನಗೆ. ಅಣ್ಣಾರು ಫೋಟೋ ಹಿಡಿದು ಓಣಿ ತುಂಬ ತಿರುಗಿದರು. ಅತ್ತೆ ಮತ್ತೆ ಮೂರು ವರ್ಷ ಬದುಕಿ, ಮನೆಗೆ ಬಂದವರಿಗೆಲ್ಲ ಗೋಡೆ ತೋರಿಸಿದಳು: "ಗಂಡಗಿಂತ ನಾನ ಚಂದ ಬಂದೇನಿ."

ನನ್ನ ಮುಚ್ಚಳ ಮಾತ್ರ ತಿರುಗಿ ಬರಲಿಲ್ಲ. ಸುಣ್ಣ ಒಣಗದಿರಲೆಂದು ಡಬ್ಬಿಯ ಬಾಯಿಗೆ ಒದ್ದೆ ಅರಿವೆ ತುರುಕುತ್ತಿದ್ದೆ. ಹೊಸದು ತರಬಹುದಿತ್ತು, ತರಲಿಲ್ಲ.

"ಅಣ್ಣಾರ, ನನ್ನ ಮುಚ್ಚಳ?" ದಿನಾ ಕೇಳುತ್ತಿದ್ದೆ.

"ನಾ ಸತ್ತ ಮ್ಯಾಲ ತಗೋ ತಂಗಿ."

ಹೋದ ವರ್ಷ ಸತ್ತರು. ಹಣೆ ತುಂಬ ವಿಭೂತಿ ಹಚ್ಚಿ ಕೂಡಿಸಿದರು. ಎಡಗಣ್ಣು ಮುಚ್ಚಿಸುವ ಕೆಲಸ ಅರ್ಧವೇ ಉಳಿದಿತ್ತು. ಮಣ್ಣು ಕೊಟ್ಟು ಬಂದ ಸಂಜೆ ಅವರ ಹೆಂಡತಿ ಸೋಪಿನ ಡಬ್ಬಿ ತಂದು ನನ್ನ ಮುಂದಿಟ್ಟಳು.

"ನಿಮ್ಮ ಮುಚ್ಚಳ ಕಿತ್ತ ಕೊಡು ಅಂದಿದ್ರು ಯಕ್ಕಾ."

ಗುಂಡಿ ಒತ್ತಿದೆ. ಪರದೆಯಲ್ಲಿ ಅಂಕಿ ಮೂಡಿತು. ಬಾಗಿಲ ಕಡೆ ಹಿಡಿದೆ, ಅಂಕಿ ಏರಿತು. ಒಳಗೆ ತಿರುಗಿಸಿದೆ, ಇಳಿಯಿತು. ಮೀಟರಿನ ಕಣ್ಣಿಗೆ ಇನ್ನೂ ಸರಿಯಾಗಿಯೇ ಕಾಣುತ್ತಿತ್ತು.

"ಕೀಳಬ್ಯಾಡ, ಕುರುಡ ಆಗತೈತಿ," ಎಂದು ಅವಳಿಗೇ ತಿರುಗಿ ಕೊಟ್ಟೆ.

ಮರುದಿನ ಬೆಳಿಗ್ಗೆ ಪೇಟೆಗೆ ಹೋಗಿ ಹೊಸ ಸುಣ್ಣದ ಡಬ್ಬಿ ತಂದೆ.