ಜಂಬೋ ಬ್ಲಾಕಿನ ಭಾನುವಾರ

ಭಾನುವಾರದ ಜಂಬೋ ಬ್ಲಾಕನ್ನು ಮುಂಬೈಯಲ್ಲಿ ಶಪಿಸದವರಿಲ್ಲ. ಹಳಿ ರಿಪೇರಿಗೆಂದು ಲೋಕಲ್ ರೈಲು ನಿಲ್ಲಿಸಿದರೆ ಊರಿಗೆ ಊರೇ ಗೊಣಗುತ್ತದೆ. ನಾನು ಮಾತ್ರ ಅದಕ್ಕೆ ಕೈಮುಗಿಯುತ್ತೇನೆ.

ನಮ್ಮ ಲ್ಯಾಬ್ ಇರುವುದು ಜೋಗೇಶ್ವರಿಯಲ್ಲಿ, ಹಳಿಗೆ ಅಂಟಿಕೊಂಡ ಹಳೇ ಬಿಲ್ಡಿಂಗಿನಲ್ಲಿ. ಪಿಎಚ್‌ಡಿಗೆ ನಾನು ಆರಿಸಿಕೊಂಡದ್ದು ಫೆರಿಟಿನ್ ಎಂಬ ಪ್ರೋಟೀನ್. ಕಬ್ಬಿಣವನ್ನು ಹೊಟ್ಟೆಯಲ್ಲಿಟ್ಟುಕೊಳ್ಳುವ, ಕಣ್ಣಿಗೆ ಕಾಣದಷ್ಟು ಸಣ್ಣ ಚೆಂಡು ಅದು. ಆ ಚೆಂಡುಗಳನ್ನು ನೀರಿನ ಮೇಲೆ ಹರಡಿ, ಅವು ತಾವಾಗಿಯೇ ಸಾಲುಗಟ್ಟಿದ ಮೇಲೆ ಸಿಲಿಕಾನ್ ಬಿಲ್ಲೆಗೆ ಒಂದೇ ಪದರವಾಗಿ ಅಂಟಿಸಿಕೊಳ್ಳಬೇಕು. ಹೇಳುವುದು ಸುಲಭ. ಲೋಕಲ್ ಹೋದಾಗಲೆಲ್ಲ ನೀರು ನಡುಗಿ ಪದರ ಒಡೆಯುತ್ತಿತ್ತು. ರಾತ್ರಿ ಮಾಡೋಣವೆಂದರೆ ಬಿಲ್ಡಿಂಗಿಗೆ ಬೀಗ.

“ಈ ಸಲಾನೂ ಆಗ್ಲಿಲ್ಲಂದ್ರ ಬ್ಯಾರೆ ವಿಷಯ ಹಿಡಿಯೋಣವ್ವಾ,” ಎಂದರು ಧಾರವಾಡದ ನಮ್ಮ ಗೈಡ್ ಮೇಡಂ. ವರ್ಷಗಟ್ಟಲೆ ಮಾಡಿದ್ದೆಲ್ಲ ಮಣ್ಣುಪಾಲಾಗುವುದರಲ್ಲಿತ್ತು. ಬ್ಲಾಕಿನ ದಿನ ನಮ್ಮ ಕಿಟಕಿಯ ಕೆಳಗಿನ ಹಳಿ ಖಾಲಿಯಿರುತ್ತದೆ ಎಂದು ಹೊಳೆದದ್ದು ಆಗಲೇ. ಆದರೆ ರಜಾದಿನ ಲ್ಯಾಬಿನಲ್ಲಿ ಒಬ್ಬರೇ ಇರಕೂಡದೆಂಬ ನಿಯಮ. ಜೊತೆಯವರೆಲ್ಲ ಊರಿಗೆ ಹೋಗಿದ್ದರು. ಅಪ್ಪನ ಮುಂದೆ ಹೇಳಿಕೊಂಡು ಅತ್ತೆ.

ಅಪ್ಪನದು ಅಂಧೇರಿಯಲ್ಲಿ ಉಡುಪಿ ಹೋಟೆಲ್. ಭಾನುವಾರ ಬೆಳಿಗ್ಗೆ ಅಲ್ಲಿ ಕಾಲಿಡಲು ಜಾಗವಿರುವುದಿಲ್ಲ. “ಅಳುವುದೆಂಥದ್ದು ಮಾರಾಯ್ತಿ, ನಾನು ಬರ್ತೇನೆ,” ಎಂದವರು ಬ್ಲಾಕಿನ ಭಾನುವಾರ ಗಲ್ಲಾಪೆಟ್ಟಿಗೆಯ ಮುಂದೆ ಚಿಕ್ಕಪ್ಪನನ್ನು ಕೂರಿಸಿ ಬಂದೇಬಿಟ್ಟರು. ಅದನ್ನು ನೆನೆದರೆ ಇಂದಿಗೂ ಎದೆ ತುಂಬುತ್ತದೆ. ಆದರೆ ಅವರೋ ಕಾಲಿಗೆ ಚಕ್ರ ಕಟ್ಟಿಕೊಂಡ ಮನುಷ್ಯ, ಕಾಫಿಯನ್ನೂ ನಿಂತೇ ಕುಡಿಯುವವರು. ನನಗೆ ಅದೇ ಭಯ.

“ಅಪ್ಪಾ, ನಡೆದ್ರೆ ನೆಲ ಅದುರ್ತದೆ. ನಾನು ಹೇಳುವವರೆಗೆ ಅಲ್ಲಾಡ್ಬೇಡಿ,” ಎಂದು ಒಂದು ಸ್ಟೂಲ್ ತೋರಿಸಿ ಗದರಿದೆ.

ನೀರು ಅಲುಗಲಿಲ್ಲ. ಬಿಲ್ಲೆ ಮುಟ್ಟಿಸಿ ಎತ್ತಿ, ಒಣಗಿಸಿ, ಪಕ್ಕದ ಕೋಣೆಯ ಮೈಕ್ರೋಸ್ಕೋಪಿಗೆ ಒಯ್ದೆ. ಪರದೆಯ ಮೇಲೆ ಚಿತ್ರ ಗೆರೆಗೆರೆಯಾಗಿ ಮೂಡಿತು. ಡಬ್ಬಿಯಲ್ಲಿ ಜೋಡಿಸಿದ ಲಾಡುಗಳಂತೆ ಚೆಂಡುಗಳು ಒತ್ತೊತ್ತಾಗಿ ಕೂತಿದ್ದವು. ಒಂದು ಸಾಲೂ ಕೆಟ್ಟಿರಲಿಲ್ಲ. ಫೋನ್ ಮಾಡಿದರೆ ಮೇಡಂ, “ಇನ್ನ ವಿಷಯ ಬದಲಿಸೂದು ಬ್ಯಾಡ ಬಿಡವ್ವಾ,” ಎಂದು ನಕ್ಕರು. ನಾನು ಒಬ್ಬಳೇ ಕುಣಿದೆ.

ಎಷ್ಟೋ ಹೊತ್ತಿನ ಮೇಲೆ ಅಪ್ಪನ ನೆನಪಾಗಿ ಓಡಿ ಬಂದೆ. ತೊಡೆಯ ಮೇಲೆ ಕೈಯಿಟ್ಟುಕೊಂಡು ಅವರು ಹಾಗೆಯೇ ಕೂತಿದ್ದರು. ಕೆಲಸ ಮುಗಿಯಿತೆಂದು ನಾನು ಹೇಳಿಯೇ ಇರಲಿಲ್ಲ.

“ಆಯ್ತಾ ಮಗಾ?” ಪಿಸುದನಿಯಲ್ಲಿ ಕೇಳಿದರು. “ಕಾಲು ಜೋಮು ಹಿಡಿದಿದೆ. ಇನ್ನು ಅಲ್ಲಾಡಬಹುದಾ?”